ಆರು ಪದರದ ಪೆಟ್ಟಿಗೆ

ಖಾಲಿಯಾದ ಹಾಲಿನ ಟೆಟ್ರಾ ಪ್ಯಾಕೊಂದನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿ, ತುಂಡುಗಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ ನೋಡಿ. ಬೆಳಿಗ್ಗೆ ಹೊತ್ತಿಗೆ ಕತ್ತರಿಸಿದ ಅಂಚಿನಲ್ಲಿ ರಟ್ಟು ಉಬ್ಬಿರುತ್ತದೆ; ನಡುಭಾಗ ಮಾತ್ರ ಒಣಗಿದಂತೆಯೇ ಇರುತ್ತದೆ. ಉಬ್ಬಿದ ಕಡೆ ಉಗುರು ಹಾಕಿ ಕೆದಕಿದರೆ ಒದ್ದೆ ರಟ್ಟು ಚೂರುಚೂರಾಗಿ ಕೈಗೆ ಬರುತ್ತದೆ, ಅದರ ಹಿಂದೆ ಬೆಳ್ಳಿ ಬಣ್ಣದ ಹಾಳೆಯೊಂದು ಹರಿಯದೆ ಉಳಿಯುತ್ತದೆ. ಆ ಹಾಳೆಯನ್ನೂ ಬಿಡಿಸುತ್ತೇನೆಂದು ಹೊರಟರೆ ಉಗುರು ಸೋಲುತ್ತದೆ. ಒಳಮೈಯಲ್ಲಿ ಮೇಲಿನಿಂದ ಕೆಳಗಿನವರೆಗೆ ಅಂಟಿಸಿದ ಒಂದು ತೆಳುವಾದ ಪಟ್ಟಿಯೂ ಕಾಣುತ್ತದೆ. ರಟ್ಟಿನ ಎರಡು ಅಂಚುಗಳು ಸೇರುವ ಜಾಗ ಅದು. ಅಲ್ಲಿ ಬರಿಯ ರಟ್ಟಿಗೆ ಹಾಲು ತಾಗಿದರೆ ದೀಪದ ಬತ್ತಿ ಎಣ್ಣೆ ಹೀರಿದಂತೆ ಹೀರಿಬಿಡುತ್ತದೆ. ಅದಕ್ಕೇ ಪಟ್ಟಿ.

ಹೊರಗಿನಿಂದ ಒಳಕ್ಕೆ ಎಣಿಸಿದರೆ ಆರು ಪದರ. ಮೇಲೆ ಪಾಲಿಥೀನ್, ಅದರಡಿ ಚಿತ್ರ ಅಚ್ಚಾದ ರಟ್ಟು, ಮತ್ತೆ ಪಾಲಿಥೀನ್, ಆಮೇಲೆ ಅಲ್ಯುಮಿನಿಯಂ, ಕೊನೆಗೆ ಪಾಲಿಥೀನಿನದೇ ಇನ್ನೆರಡು ಪದರ. ತೂಕದ ಲೆಕ್ಕದಲ್ಲಿ ನೂರಕ್ಕೆ ಸುಮಾರು 75 ಭಾಗ ರಟ್ಟು, 20 ಭಾಗ ಪ್ಲಾಸ್ಟಿಕ್, 5 ಭಾಗ ಲೋಹ. ಆ ಲೋಹದ ಹಾಳೆಯೋ, ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ತೆಳು. ಪ್ಯಾಕಿಂಗ್ ಅನ್ನುವುದನ್ನು ಒಂದು ಕೃತಿ ಎಂದು ಒಪ್ಪಿಕೊಂಡರೆ ಇಷ್ಟು ಬಿಗಿಯಾದ ಕೃತಿ ಇನ್ನೊಂದು ಸಿಗುವುದು ಕಷ್ಟ. ಹಾಗಿದ್ದೂ ನನ್ನ ತಕರಾರು ಆ ಬಿಗಿಯ ಮೇಲೆಯೇ. ನೂರು ವರ್ಷದಿಂದ ರಟ್ಟಿನ ಪೆಟ್ಟಿಗೆಯನ್ನು ಸುಧಾರಿಸುವುದೆಂದರೆ ಅದಕ್ಕೆ ಹೊಸದೊಂದು ವಸ್ತುವನ್ನು ತಂದು ಅಂಟಿಸುವುದು ಎಂದೇ ನಡೆದುಬಂದಿದೆ. ಅಂಟಿಸಿದ್ದರ ಲಾಭ ಕಾರ್ಖಾನೆಗೂ ಅಂಗಡಿಗೂ ಆಯಿತು; ಬಿಡಿಸುವ ಪಾಡು ಇನ್ಯಾರದೋ ತಲೆಗೆ ಬಂತು.

ಮೊದಲು ಬಂದದ್ದು ಮೇಣ. ಅಮೆರಿಕದ ಓಹಾಯೋ ರಾಜ್ಯದ ಟೊಲೀಡೋದಲ್ಲಿ ಆಟಿಕೆ ತಯಾರಿಸುತ್ತಿದ್ದ ಜಾನ್ ವ್ಯಾನ್ ವರ್ಮರ್ 1915ರಲ್ಲಿ ಮಡಚುವ ಹಾಲಿನ ಪೆಟ್ಟಿಗೆಗೆ ಪೇಟೆಂಟ್ ಪಡೆದ. ಮನೆಯ ಮಾಡಿನಂತೆ ತಲೆ ಇರುವ, ಇಂದಿಗೂ ಅಮೆರಿಕದ ಅಂಗಡಿಗಳಲ್ಲಿ ಕಾಣುವ ಪೆಟ್ಟಿಗೆಯ ಮೂಲ ಅದು. ಕಾಗದಕ್ಕೆ ಮೇಣ ಹಚ್ಚಿ ನೀರು ತಡೆದರು. ಮುಂದೆ ಮೇಣ ಹೋಗಿ ಪಾಲಿಥೀನ್ ಬಂತು. ಇವೆಲ್ಲ ಫ್ರಿಜ್ಜಿನಲ್ಲಿಟ್ಟು ಕೆಲವೇ ದಿನದಲ್ಲಿ ಮುಗಿಸಬೇಕಾದ ಹಾಲಿನ ಪೆಟ್ಟಿಗೆಗಳು.

ಸ್ವೀಡನ್ನಿನ ರೂಬೆನ್ ರೌಸಿಂಗನ ಕಂಪನಿ ಹಿಡಿದ ದಾರಿ ಬೇರೆ. 1944ರಲ್ಲಿ ಅಲ್ಲಿನ ಯುವ ನೌಕರ ಎರಿಕ್ ವಾಲೆನ್‌ಬೆರಿಗೆ ಹೊಳೆದದ್ದು ಇಷ್ಟು: ಕಾಗದವನ್ನು ಕೊಳವೆಯಾಗಿ ಸುತ್ತು, ಒಂದು ತುದಿಯನ್ನು ಅಡ್ಡಕ್ಕೆ ಒತ್ತು, ಇನ್ನೊಂದು ತುದಿಯನ್ನು ಅದಕ್ಕೆ ಲಂಬವಾಗಿ ಒತ್ತು. ನಾಲ್ಕು ಮುಖದ ಪುಟ್ಟ ಗೋಪುರ ತಾನಾಗಿ ಎದ್ದು ನಿಲ್ಲುತ್ತದೆ. ಮಡಿಕೆ ಇಲ್ಲ, ಕತ್ತರಿಸಿ ಬಿಸಾಡುವ ಚೂರೂ ಇಲ್ಲ. ಕೊಳವೆಯನ್ನು ಹಾಲಿನ ಮಟ್ಟಕ್ಕಿಂತ ಕೆಳಗೆ, ಹಾಲಿನ ನಡುವೆಯೇ ಒತ್ತಿ ಮುಚ್ಚಿದರೆ ಒಳಗೆ ಗಾಳಿಗೂ ಜಾಗ ಉಳಿಯುವುದಿಲ್ಲ. ಸಾಸೇಜ್ ತುಂಬುವ ಬಗೆಯನ್ನು ನೆನಪಿಸಿ ಈ ಉಪಾಯ ಸೂಚಿಸಿದವಳು ರೌಸಿಂಗನ ಹೆಂಡತಿ ಎಲಿಸಬೆತ್ ಎಂದು ಹೇಳುವುದುಂಟು. ಅಡುಗೆಮನೆಯ ಬುದ್ಧಿಗೆ ಪೇಟೆಂಟ್ ಸಿಗುವುದಿಲ್ಲ ನೋಡಿ. 1951ರಲ್ಲಿ ಟೆಟ್ರಾ ಪ್ಯಾಕ್ ಕಂಪನಿ ಹುಟ್ಟಿತು, 1952ರಲ್ಲಿ ಮೊದಲ ಯಂತ್ರ ಲುಂಡ್ ಊರಿನ ಡೈರಿಗೆ ಹೋಗಿ ಕೆನೆ ತುಂಬತೊಡಗಿತು.

ಕೃತಿ ಎಂದು ಅಳೆದರೆ ನನಗೆ ಈ ಮೊದಲ ಗೋಪುರವೇ ಹೆಚ್ಚು ಇಷ್ಟ. ಅದರಲ್ಲಿ ಆಕಾರವೇ ಕೆಲಸ ಮಾಡುತ್ತಿತ್ತು, ವಸ್ತುವಿನ ಮೇಲೆ ಭಾರ ಬಿದ್ದಿರಲಿಲ್ಲ. ಆದರೆ ಬಳಸುವವರಿಗೆ ಅದು ಪೀಡೆ. ಒಂದರ ಮೇಲೊಂದು ಇಡಲು ಬಾರದು, ಫ್ರಿಜ್ಜಿನ ಬಾಗಿಲಲ್ಲಿ ನಿಲ್ಲದು, ಸಾಗಿಸಲು ಆರು ಮೂಲೆಯ ಬೇರೆಯೇ ಕ್ರೇಟು ಬೇಕು. ಹಾಗಾಗಿ 1963ರಲ್ಲಿ ಇಟ್ಟಿಗೆಯಾಕಾರ ಬಂತು. ಇಟ್ಟಿಗೆ ಗೆದ್ದದ್ದು ನ್ಯಾಯವೇ: ಲಾರಿಯಲ್ಲಿ ಸಂದಿಲ್ಲದೆ ತುಂಬಬಹುದು, ಅಂಗಡಿಯ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಬಹುದು. ಆದರೆ ಅಂದಿನಿಂದ ಈ ಪೆಟ್ಟಿಗೆಯ ಮಟ್ಟಿಗೆ ಆಕಾರದ ಚಿಂತೆ ಮುಗಿದು ವಸ್ತುವಿನ ಚಿಂತೆ ಶುರುವಾಯಿತು.

ಅಲ್ಯುಮಿನಿಯಂ ಸೇರಿದ್ದು ಹಾಲನ್ನು ಫ್ರಿಜ್ಜಿಲ್ಲದೆ ತಿಂಗಳುಗಟ್ಟಲೆ ಇಡಬೇಕೆಂಬ ಆಸೆಯಿಂದ. 1961ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಇದು ಕೈಗೂಡಿತು. ಹಾಲನ್ನು ಸುಮಾರು 140 ಡಿಗ್ರಿಗೆ ಕೆಲವೇ ಸೆಕೆಂಡು ಕಾಯಿಸಿ ತಣಿಸಬೇಕು. ಕಾಗದವನ್ನು ಹೈಡ್ರೋಜನ್ ಪೆರಾಕ್ಸೈಡಿನಿಂದ ತೊಳೆದು ಒಣಗಿಸಬೇಕು. ಎರಡೂ ಸೋಂಕಿಲ್ಲದ ಕೋಣೆಯಲ್ಲಿ ಸೇರಬೇಕು. ಆಮೇಲೆ ಬೆಳಕು ಮತ್ತು ಆಮ್ಲಜನಕ ಒಳಗೆ ನುಸುಳದಂತೆ ಲೋಹದ ಪೊರೆ ಕಾಯುತ್ತದೆ. ಅಮೆರಿಕದ ಆಹಾರ ತಂತ್ರಜ್ಞರ ಸಂಸ್ಥೆ 1989ರಲ್ಲಿ, ಹಿಂದಿನ ಐವತ್ತು ವರ್ಷಗಳಲ್ಲಿ ಆಹಾರ ವಿಜ್ಞಾನ ಕಂಡ ಅತಿ ದೊಡ್ಡ ಹೊಸತು ಇದೇ ಎಂದು ಸಾರಿತು. ಅತಿಶಯೋಕ್ತಿ ಅನ್ನಿಸುವುದಿಲ್ಲ. 1985ರಲ್ಲಿ ಫ್ರೂಟಿ ಬಂದಾಗ, ಕರೆಂಟೇ ಸರಿಯಾಗಿ ಇರದ ಊರಿನ ಬಸ್‌ಸ್ಟ್ಯಾಂಡಿನ ಗೂಡಂಗಡಿಯಲ್ಲೂ ಮಾವಿನ ರಸ ಕೆಡದೆ ಕೂತಿತು. ತಂಪು ಸರಪಳಿ ಇಲ್ಲದ ದೇಶಕ್ಕೆ ಅದು ಸಣ್ಣ ಉಪಕಾರವಲ್ಲ. ನಮ್ಮ ಮನೆಗಳಲ್ಲಿ ಹೀಗೆ ಕಾಯಿಸಿ ಪ್ಯಾಕ್ ಮಾಡಿದ ಗುಡ್‌ಲೈಫ್ ಹಾಲನ್ನೂ ಒಲೆಯ ಮೇಲಿಟ್ಟು ಉಕ್ಕಿಸುತ್ತೇವೆ ಎಂಬುದು ಬೇರೆ ಮಾತು. ಕಾಯಿಸದೆ ಹಾಲು ಕುಡಿಯುವುದನ್ನು ಯಾವ ತಂತ್ರಜ್ಞಾನವೂ ನಮ್ಮ ಅಜ್ಜಿಯರಿಗೆ ಒಪ್ಪಿಸಲಾರದು.

ಅಂಟಿಸಿದ್ದೆಲ್ಲ ಅಂಟಿದಲ್ಲೇ ಕೂರುತ್ತದೆ ಎಂಬ ನಂಬಿಕೆ 2005ರಲ್ಲಿ ಇಟಲಿಯಲ್ಲಿ ಮುರಿಯಿತು. ಶಿಶುಗಳಿಗೆ ಕೊಡುವ ಹಾಲಿನಲ್ಲಿ ಐಟಿಎಕ್ಸ್ ಎಂಬ ರಾಸಾಯನಿಕ ಸಿಕ್ಕಿ, ಕೋಟಿಗಟ್ಟಲೆ ಲೀಟರ್ ನೆಸ್ಲೆ ಹಾಲನ್ನು ಅಲ್ಲಿನ ಸರ್ಕಾರ ಜಪ್ತಿ ಮಾಡಿತು. ಪೆಟ್ಟಿಗೆಯ ಹೊರಮೈಯ ಶಾಯಿ ಬೇಗ ಒಣಗಲೆಂದು ಬೆರೆಸಿದ ವಸ್ತು ಅದು. ಆರು ಪದರ ದಾಟಿ ಒಳಗೆ ಹೋದದ್ದು ಹೇಗೆ? ದಾಟಲೇ ಇಲ್ಲ. ಅಚ್ಚಾದ ರಟ್ಟನ್ನು ದೊಡ್ಡ ಉರುಳೆಯಾಗಿ ಸುತ್ತಿಡುತ್ತಾರೆ. ಸುತ್ತಿದಾಗ ಒಂದು ಸುತ್ತಿನ ಹೊರಮೈಗೆ ಮುಂದಿನ ಸುತ್ತಿನ ಒಳಮೈ ಒತ್ತಿಕೊಂಡಿರುತ್ತದೆ. ಶಾಯಿಯ ಅಂಶ ಅಲ್ಲೇ, ಗೋದಾಮಿನಲ್ಲೇ, ಹಾಲು ತಾಗುವ ಮೈಗೆ ಹತ್ತಿತ್ತು. ಅಷ್ಟು ಸಣ್ಣ ಪ್ರಮಾಣದಿಂದ ಆರೋಗ್ಯಕ್ಕೆ ದೊಡ್ಡ ಅಪಾಯವಿಲ್ಲವೆಂದು ಯುರೋಪಿನ ಆಹಾರ ಸುರಕ್ಷಾ ಸಂಸ್ಥೆ ಆಮೇಲೆ ಹೇಳಿತು, ಶಾಯಿಯನ್ನೂ ಬದಲಿಸಿದರು. ನನಗೆ ಮುಖ್ಯವೆನಿಸುವುದು ಬೇರೆ. ಹಾಲಿಗೆ ಯಾವ ಸಂಬಂಧವೂ ಇಲ್ಲದ, ಅಂಗಡಿಯಲ್ಲಿ ಕಣ್ಣು ಸೆಳೆಯಲೆಂದು ಸೇರಿಸಿದ ಪದರವೇ ಕೈಕೊಟ್ಟಿತು.

ಒಣ ತಿಂಡಿಯ ರಟ್ಟಿನ ಡಬ್ಬಿಗಳ ಕಥೆಯೂ ಇದರ ದಾಯಾದಿಯೇ. ಹಳೆಯ ಪತ್ರಿಕೆಗಳಿಂದ ತಯಾರಾದ ಮರುಬಳಕೆಯ ರಟ್ಟಿನಿಂದ ಖನಿಜ ತೈಲದ ಅಂಶ ಅಕ್ಕಿ, ಪಾಸ್ತಾ, ಧಾನ್ಯಗಳಿಗೆ ಇಳಿಯುತ್ತದೆ ಎಂದು ಜ್ಯೂರಿಕ್‌ನ ಪ್ರಯೋಗಾಲಯ 2010ರ ಹೊತ್ತಿಗೆ ತೋರಿಸಿತು. ಎಣ್ಣೆ ಹೀರದಿರಲೆಂದು ತಿಂಡಿ ಡಬ್ಬಿಗಳಿಗೆ ಹಚ್ಚುತ್ತಿದ್ದ, ಮಣ್ಣಲ್ಲೂ ಮೈಯಲ್ಲೂ ಕರಗದೆ ಉಳಿಯುವ ಫ್ಲೋರಿನ್ ಲೇಪಗಳನ್ನು ಡೆನ್ಮಾರ್ಕ್ 2020ರಲ್ಲಿ ನಿಷೇಧಿಸಿತು. ನಮ್ಮಲ್ಲಿ ಕಾಗದದ ಟೀ ಲೋಟವನ್ನು ಪರೀಕ್ಷಿಸಿದ ಖರಗ್‌ಪುರದ ಐಐಟಿಯವರು, ಬಿಸಿ ಪಾನೀಯ 15 ನಿಮಿಷ ಅದರಲ್ಲಿದ್ದರೆ 100 ಮಿಲಿಲೀಟರಿಗೆ ಸುಮಾರು 25,000 ಪ್ಲಾಸ್ಟಿಕ್ ಕಣಗಳು ಬೆರೆಯುತ್ತವೆ ಎಂದು 2020ರಲ್ಲಿ ತಿಳಿಸಿದರು. ಟೀ ಕುಡಿಯಲು 15 ನಿಮಿಷ ಯಾರಿಗೆ ಬೇಕು ಎಂದು ಕೇಳಬಹುದು. ಆಫೀಸಿನ ಮೀಟಿಂಗುಗಳಲ್ಲಿ ಕೂತವರು ಹಾಗೆ ಕೇಳಲಾರರು.

ಇನ್ನು ಕಸದ ಮಾತು. ಕರ್ನಾಟಕದ ದಿನನಿತ್ಯದ ಹಾಲಿನ ಬಹುಪಾಲು ಬರುವುದು ಪ್ಲಾಸ್ಟಿಕ್ ಕವರಿನಲ್ಲಿ. ತೊಳೆದು, ಒಣಗಿಸಿ, ಕಟ್ಟುಕಟ್ಟಿದ ಹಾಲಿನ ಕವರನ್ನು ಗುಜರಿ ಅಂಗಡಿಯವನು ಮರುಮಾತಿಲ್ಲದೆ ಕೊಳ್ಳುತ್ತಾನೆ. ಅದು ಒಂದೇ ವಸ್ತು, ಕರಗಿಸಿದರೆ ಹಾಗೇ ಹೊಸ ಮಾಲು. ಅದೇ ಅಂಗಡಿಗೆ ಟೆಟ್ರಾ ಪ್ಯಾಕ್ ಒಯ್ದರೆ ಕೈಯಾಡಿಸುತ್ತಾನೆ. ರಟ್ಟಿನ ರಾಶಿಗೂ ಸೇರದು, ಪ್ಲಾಸ್ಟಿಕ್ಕಿನ ರಾಶಿಗೂ ಸೇರದು. ನೋಡಲು ಹಸಿರಾಗಿರುವ ಪೆಟ್ಟಿಗೆ ಅನಾಥವಾಗಿ, ಕೆಟ್ಟ ಹೆಸರು ಹೊತ್ತ ಪ್ಲಾಸ್ಟಿಕ್ ಕವರು ಮಾರಾಟವಾಗುವುದನ್ನು ಕಂಪನಿಗಳ ಪರಿಸರ ವರದಿಗಳು ಒಂದು ಸಾಲಿನಲ್ಲಾದರೂ ಬರೆಯಬೇಕಿತ್ತು. ಮರುಬಳಕೆ ಅಸಾಧ್ಯವೇನಲ್ಲ. ದೊಡ್ಡ ತೊಟ್ಟಿಯಲ್ಲಿ ನೀರು ಹಾಕಿ ಕಡೆದರೆ ನಾರು ಬೇರೆಯಾಗುತ್ತದೆ. ಉದ್ದನೆಯ ಒಳ್ಳೆಯ ನಾರು, ಕಾಗದದ ಗಿರಣಿಗೆ ಬೇಕಾದದ್ದೇ. ಉಳಿದ ಪ್ಲಾಸ್ಟಿಕ್ ಮತ್ತು ಅಲ್ಯುಮಿನಿಯಂ ಮಿಶ್ರಣವನ್ನು ಬಿಸಿಯಲ್ಲಿ ಒತ್ತಿ ಮಾಡಿನ ಶೀಟು, ಶಾಲೆಯ ಬೆಂಚು ಮಾಡುತ್ತಾರೆ. ಆದರೆ ಅಂಥ ಗಿರಣಿಯವರೆಗೆ ಪೆಟ್ಟಿಗೆ ತಲುಪಬೇಕಲ್ಲ. 200 ಮಿಲಿಯ ಖಾಲಿ ಪ್ಯಾಕಿನ ತೂಕ ಸುಮಾರು 10 ಗ್ರಾಂ. ಒಂದು ಕಿಲೋ ಆಗಬೇಕಾದರೆ ನೂರು ಸಲ ಬಗ್ಗಬೇಕು.

ಹಾಗೆ ಬಗ್ಗಬೇಕಾದ ಕಡೆ ಹೆಚ್ಚಾಗಿ ಸಿಗುವುದು ಜ್ಯೂಸಿನ ಪ್ಯಾಕಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಸಾರಾಯಿ ಪಾಕೀಟಿನ ಜಾಗವನ್ನು ನಿಧಾನಕ್ಕೆ ಅಗ್ಗದ ವಿಸ್ಕಿ, ಬ್ರಾಂದಿಗಳ ಟೆಟ್ರಾ ಪ್ಯಾಕ್ ಹಿಡಿಯಿತು. ಕೆರೆಯ ಏರಿ, ಹೊಲದ ಬದು, ಸರ್ಕಾರಿ ಶಾಲೆಯ ಕಾಂಪೌಂಡಿನ ಹಿಂಬದಿ, ಎಲ್ಲಿ ನೋಡಿದರೂ ನೈಂಟಿ, ಕ್ವಾರ್ಟರ್‌ಗಳ ಚಪ್ಪಟೆಯಾದ ಪೆಟ್ಟಿಗೆಗಳು. ಒಡೆಯುವುದಿಲ್ಲ, ಹಗುರ, ಕಲಬೆರಕೆ ಮಾಡಿ ಮತ್ತೆ ಮುಚ್ಚಲು ಆಗುವುದಿಲ್ಲ, ಅಂಗಿಯ ಜೇಬಿನಲ್ಲಿ ಕೂರುತ್ತದೆ. ಗಾಜಿನ ಚೂರು ತುಳಿದ ರೈತನ ಕಾಲನ್ನು ಕಂಡವರು ಮೊದಲ ಗುಣವನ್ನು ತಳ್ಳಿಹಾಕಲಾರರು. ಆದರೂ ವಿಮರ್ಶಕ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಆರು ಪದರ ಹುಟ್ಟಿದ್ದು ಕೆಡುವ ಹಾಲನ್ನು ಕಾಯಲು. ವಿಸ್ಕಿ ಕೆಡುವುದೇ ಇಲ್ಲ. ಸ್ಪಿರಿಟ್ ಆವಿಯಾಗದಂತೆ ಒಂದು ತಡೆ ಬೇಕು, ನಿಜ. ಅದಕ್ಕೆ ಗಾಜು ಶತಮಾನಗಳಿಂದ ಸಾಕಾಗಿತ್ತು, ಮತ್ತೆ ತುಂಬಲೂ ಬರುತ್ತಿತ್ತು. ಇಲ್ಲಿ ಪೆಟ್ಟಿಗೆ ದ್ರವವನ್ನು ಉಳಿಸುತ್ತಿಲ್ಲ, ಬೆಲೆಯನ್ನು ಇಳಿಸುತ್ತಿದೆ. ಪ್ಯಾಕು ತನಗೆ ತಗಲುವ ಖರ್ಚಿಗಿಂತ ಹೆಚ್ಚು ಉಳಿಸಿಕೊಡಬೇಕು ಎಂಬುದು ರೌಸಿಂಗನ ಸೂತ್ರವಾಗಿತ್ತು. ಕ್ವಾರ್ಟರ್ ಪ್ಯಾಕಿನ ಖರ್ಚಿನಲ್ಲಿ ಕೆರೆ ಏರಿಯನ್ನೂ ಸೇರಿಸಿದರೆ ಆ ಸೂತ್ರ ನಿಲ್ಲುವುದಿಲ್ಲ. 2025ರಲ್ಲಿ ಎರಡು ಮದ್ಯ ಕಂಪನಿಗಳ ಟ್ರೇಡ್‌ಮಾರ್ಕ್ ಜಗಳ ಸುಪ್ರೀಂ ಕೋರ್ಟಿಗೆ ಹೋದಾಗ ನ್ಯಾಯಮೂರ್ತಿಗಳು ಹೆಸರಿನ ತಗಾದೆಗಿಂತ ಮುಂಚೆ, ಜ್ಯೂಸಿನ ಡಬ್ಬಿಯ ಹಾಗೆ ಕಾಣುವ, ಮಕ್ಕಳ ಚೀಲದಲ್ಲೂ ಅಡಗಬಹುದಾದ ಈ ಪ್ಯಾಕಿನ ಬಗ್ಗೆಯೇ ಆತಂಕಪಟ್ಟರು.

ಅಂಟಿಸಿದ್ದನ್ನು ಕಳೆಯುವ ಯತ್ನಗಳೂ ನಡೆದಿವೆ, ಆದರೆ ಮೊದಲು ಕೈಹಾಕಿದ್ದು ಅತಿ ಸುಲಭದ್ದಕ್ಕೆ. 2022ರ ಜುಲೈ 1ರಿಂದ ಭಾರತದಲ್ಲಿ ಪ್ಲಾಸ್ಟಿಕ್ ಸ್ಟ್ರಾ ನಿಂತಿತು; ಪ್ಯಾಕಿನ ಬೆನ್ನಿಗೆ ಕಾಗದದ ಸ್ಟ್ರಾ ಬಂತು. ಅದನ್ನು ಚುಚ್ಚುವ ಮಗುವನ್ನು ಗಮನಿಸಿ. ಮೊದಲ ಒತ್ತಿಗೆ ತುದಿ ಮಡಚುತ್ತದೆ, ಎರಡನೆಯ ಒತ್ತಿಗೆ ಪೊರೆ ಹರಿದು ಜ್ಯೂಸು ಯೂನಿಫಾರ್ಮಿಗೆ ಚಿಮ್ಮುತ್ತದೆ, ಅರ್ಧ ಕುಡಿಯುವಷ್ಟರಲ್ಲಿ ಬಾಯಿಗೆ ಒದ್ದೆ ಕಾಗದದ ರುಚಿ. ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಹಾಗೇ ಉಳಿಯಿತು, ಕಷ್ಟ ಮಗುವಿನ ಪಾಲಿಗೆ ಬಂತು. ಯುರೋಪಿನಲ್ಲಿ 2024ರ ಜುಲೈಯಿಂದ ಮುಚ್ಚಳ ಪೆಟ್ಟಿಗೆಗೆ ಅಂಟಿಕೊಂಡೇ ಇರಬೇಕೆಂಬ ನಿಯಮ ಬಂದಿದೆ. ಸುರಿಯುವಾಗ ಮೂಗಿಗೆ ತಾಗುತ್ತದೆ ಎಂದು ಜನ ಗೊಣಗುತ್ತಾರೆ. ಆದರೂ ಅದು ಸ್ಟ್ರಾಗಿಂತ ಪ್ರಾಮಾಣಿಕ, ಯಾಕೆಂದರೆ ಮುಚ್ಚಳ ಬೀದಿಗೆ ಬೀಳುವ ಬದಲು ಪೆಟ್ಟಿಗೆಯ ಜೊತೆಯಲ್ಲೇ ಹೋಗುತ್ತದೆ.

ನಿಜವಾದ ಪರೀಕ್ಷೆ ಅಲ್ಯುಮಿನಿಯಂನದು. ಸ್ವಿಸ್ ಕಂಪನಿ ಸಿಗ್ 2010ರಲ್ಲೇ ಲೋಹವಿಲ್ಲದ ಹಾಲಿನ ಪೆಟ್ಟಿಗೆ ತಂದಿತ್ತು. 2023ರಲ್ಲಿ ಟೆಟ್ರಾ ಪ್ಯಾಕ್ ಪೋರ್ಚುಗಲ್ಲಿನ ಲಾಕ್ಟೊಗಲ್ ಡೈರಿಯ ಜೊತೆ ಸೇರಿ, ಅಲ್ಯುಮಿನಿಯಂ ಬದಲು ಕಾಗದವೇ ಆಧಾರವಾದ ತಡೆಪದರ ಇಟ್ಟು ಹಾಲು ಮಾರಿತು. ಕಂಪನಿಯ ಪ್ರಕಾರ ಅದರಲ್ಲಿ ನೂರಕ್ಕೆ 90ರಷ್ಟು ಮತ್ತೆ ಬೆಳೆಯಬಲ್ಲ ವಸ್ತು. ಕಂಪನಿಯ ಲೆಕ್ಕವನ್ನು ಕಂಪನಿಯ ಲೆಕ್ಕವೆಂದೇ ಓದಬೇಕು. ಆ 90ರಲ್ಲಿ ಕಬ್ಬಿನಿಂದ ತೆಗೆದ ಪಾಲಿಥೀನೂ ಸೇರಿದೆ, ಕಬ್ಬಿನ ಪಾಲಿಥೀನ್ ಮಣ್ಣಲ್ಲಿ ಕೊಳೆಯುವುದರಲ್ಲಿ ಪೆಟ್ರೋಲಿಯಂನದಕ್ಕಿಂತ ಒಂದು ಹೆಜ್ಜೆಯೂ ಮುಂದಿಲ್ಲ. ಇಷ್ಟಾದರೂ ಈ ನೂರು ವರ್ಷಗಳಲ್ಲಿ ಒಂದು ವಸ್ತುವನ್ನು ಕಡಿಮೆ ಮಾಡಿ ಅದನ್ನೇ ಸುಧಾರಣೆ ಎಂದು ಕರೆದದ್ದು ಅಪರೂಪ, ನಾನು ಇದನ್ನು ಬೆಂಬಲಿಸುತ್ತೇನೆ. ರಟ್ಟು ಮತ್ತು ಒಂದೇ ಬಗೆಯ ಪ್ಲಾಸ್ಟಿಕ್ ಮಾತ್ರ ಉಳಿದ ಪೆಟ್ಟಿಗೆ ಬಂದರೆ, ತೊಟ್ಟಿಯಲ್ಲಿ ಕಡೆದ ಮೇಲೆ ಉಳಿಯುವುದಕ್ಕೂ ಹಾಲಿನ ಕವರಿನ ಬೆಲೆ ಬರುತ್ತದೆ.

ಅದು ನಮ್ಮ ಕ್ವಾರ್ಟರ್ ಪ್ಯಾಕಿನವರೆಗೆ ಬರಲು ಎಷ್ಟು ವರ್ಷವೋ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಪಕ್ಕದ ನೀಲಗಿರಿಯಲ್ಲಿ 2022ರಿಂದ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ಬಾಟಲಿ ಮರಳಿಸಿದರೆ ಆ ಹಣ ಹಿಂದಿರುಗಿಸುತ್ತಾರೆ. ಬಾಟಲಿಗೆ ತನ್ನದೇ ಬೆಲೆ ಇದೆ, ಪೆಟ್ಟಿಗೆಗೆ ಇಲ್ಲ, ಹಾಗಾಗಿ ಕರ್ನಾಟಕದಲ್ಲಿ ಇದು ಇನ್ನೂ ಹೆಚ್ಚು ಬೇಕು. ಮದ್ಯದ ಪ್ರತಿ ಪೆಟ್ಟಿಗೆ ಡಿಸ್ಟಿಲರಿಯಿಂದ ಅಂಗಡಿಗೆ ಹೋಗುವವರೆಗಿನ ಲೆಕ್ಕ ಅಬಕಾರಿ ಇಲಾಖೆಯಲ್ಲಿ ಇದೆ. ಅದೇ ಪುಸ್ತಕದಲ್ಲಿ ವಾಪಸು ಬಂದದ್ದಕ್ಕೂ ಒಂದು ಕಾಲಂ ಎಳೆದು, ಪ್ಯಾಕಿಗೆ ಐದು ರೂಪಾಯಿ ಠೇವಣಿ ಇಟ್ಟರೆ, ಏರಿಯ ಮೇಲೆ ಬಗ್ಗುವವರ ನೂರು ಪೆಟ್ಟಿಗೆಗೆ ಐನೂರು ರೂಪಾಯಿ ಆಗುತ್ತದೆ.