ಮೇಘದೂತದ ನೆರಳಲ್ಲಿ ಒಂದು ಕೂಸು

ಪೆರಂಬೂರಿನಲ್ಲಿ ಆಪಾ ಮನೆಗೆ ಹೋದಾಗ ಅವಳ ಮಗ ಕಂಪ್ಯೂಟರ್ ತೋರಿಸಿ, "ಮಾಮೂ, ಈ ಊರು ನಮ್ಮ ಕಡೆಯದ್ದೇ ಥರ ಇದೆ ನೋಡಿ" ಅಂದ. 'ಫೈನಲ್ ಫ್ಯಾಂಟಸಿ 14' ಎಂಬ ಆನ್‌ಲೈನ್ ಆಟಕ್ಕೆ 2021ರ ಡಿಸೆಂಬರ್‌ನಲ್ಲಿ ಬಂದ 'ಎಂಡ್‌ವಾಕರ್' ವಿಸ್ತರಣೆ ಅದು. 2024ರಲ್ಲಿ 'ಡಾನ್‌ಟ್ರೇಲ್' ಬಂದರೂ ಹುಡುಗ ಇದನ್ನು ಬಿಟ್ಟಿಲ್ಲ.

ಅದರಲ್ಲಿ ರಾಡ್ಜ್-ಅಟ್-ಹಾನ್ ಎಂಬ ನಗರ. ಅರಮನೆ ಮೇಘದೂತ, ಆಳುವವನಿಗೆ ಸತ್ರಪ ಎಂಬ ಹಳೆಯ ಪಾರಸಿ ಬಿರುದು, ಆನೆಮುಖದವರು ಮಾತಂಗರು. ಕಣ್ಣಿಗೆ ಹಬ್ಬ, ಸುಳ್ಳು ಯಾಕೆ ಹೇಳಲಿ. ಆದರೆ ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ 'ಕಿತಾಬ್-ಎ-ನವರಸ್'ನಲ್ಲಿ ಸರಸ್ವತಿಯನ್ನು ಸ್ತುತಿಸಿದ್ದು ಈ ಜನರ ಜೊತೆ ಬಾಳಿದ್ದರಿಂದ. ಇಲ್ಲಿ ಬೆರಕೆ ಅಂಗಡಿ ಬೋರ್ಡಿನ ಮಟ್ಟದಲ್ಲೇ ನಿಂತಿದೆ. ಜಾಗತಿಕ ಆವೃತ್ತಿ ಜಪಾನಿ, ಇಂಗ್ಲಿಷ್, ಫ್ರೆಂಚ್, ಜರ್ಮನ್ ಮಾತಾಡುತ್ತೆ. ಹೆಸರು ಕೊಟ್ಟ ನಾಡಿನ ಒಂದು ಭಾಷೆಯೂ ಅದಕ್ಕೆ ಬಾರದು.

ವೃತ್ರನ ವಿಷಯದಲ್ಲಿ ಮಾತ್ರ ಬರೆದವರು ನಿಜವಾಗಿ ಯೋಚಿಸಿದ್ದಾರೆ. ಋಗ್ವೇದದಲ್ಲಿ ನೀರು ತಡೆದು ಇಂದ್ರನಿಂದ ಹತನಾಗುವ ವೃತ್ರ ಇಲ್ಲಿ ಊರು ಕಾಯುವ ಡ್ರ್ಯಾಗನ್. ತನ್ನನ್ನು ಮರೆಸಿಕೊಂಡು, ಹುಡುಗನ ರೂಪದ ಗೊಂಬೆಯ ಬಾಯಿಂದ ಮಾತಾಡ್ತಾನೆ. ಕೇಡುಗಾಲ ಬಂದಾಗ ಹತಾಶರಾದವರೆಲ್ಲ ಮೃಗಗಳಾಗಿಬಿಡುತ್ತಾರೆ. ಆಗ ಮತ್ಸ್ಯ ಎಂಬ ಮಾತಂಗ ಬೇರೆಯವರ ಹಸುಗೂಸನ್ನು ಎದೆಗವಚಿಕೊಂಡು, ನಡುಗುತ್ತಲೇ ಪ್ರಾರ್ಥಿಸುತ್ತಾ ಹೆಜ್ಜೆ ಹಾಕುತ್ತಾನೆ. ಬೋರ್ಡುಗಳೆಲ್ಲ ನನಗೆ ಮರೆತುಹೋದದ್ದು ಅಲ್ಲೇ.

ಆಟ ಅಂದ್ರೇನೇ ಸಿಡುಕುವ ಆಪಾ, ಕೈಯಲ್ಲಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಕೂಸು ಉಳೀತಾ?" ಅಂತ ಕೇಳಿದಳು. ಉತ್ತರ ಸಿಗೋ ತನಕ ಒಳಗೆ ಹೋಗಲಿಲ್ಲ.