ಟೈರ್ ನೋಡದೆ ಮಾಡುವ ಅಲೈನ್‌ಮೆಂಟ್

ಮುಂದಿನ ಟೈರ್ ಒಂದು ಪಕ್ಕ ತಿಂದಿದೆ ಎಂದರೆ ನಮ್ಮ ಹೆಚ್ಚಿನ ಟೈರ್ ಅಂಗಡಿಗಳಲ್ಲಿ ಸಿಗುವ ಉತ್ತರ ಒಂದೇ: ಅಲೈನ್‌ಮೆಂಟ್ ಮಾಡಿಸಿ. ಸಲಹೆ ತಪ್ಪೇನಲ್ಲ. ಆದರೆ ಟೈರನ್ನು ಮುಟ್ಟಿಯೂ ನೋಡದೆ ಕಾರನ್ನು ನೇರ ಯಂತ್ರದ ಮೇಲೆ ಹತ್ತಿಸುವ ರೂಢಿಯನ್ನು ನಾನು ಒಪ್ಪಲಾರೆ. ಸವೆದ ರೀತಿಯಲ್ಲೇ ಕಾರಣದ ಸುಳಿವು ಇರುತ್ತದೆ.

ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ. ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಅಲ್ಲಲ್ಲಿ ಗುಳಿ ಬಿದ್ದಂತಿದ್ದರೆ ಶಾಕ್ ಅಬ್ಸಾರ್ಬರ್, ಬ್ಯಾಲೆನ್ಸಿಂಗ್ ನೋಡಬೇಕು. ಚಾರ್ಮಾಡಿ, ಆಗುಂಬೆ ಘಾಟಿಗಳನ್ನು ಪದೇ ಪದೇ ಹತ್ತಿಳಿಯುವ ಕಾರುಗಳಲ್ಲಿ ಮುಂದಿನ ಟೈರ್‌ಗಳ ಹೊರ ಅಂಚು ಬೇಗ ಹೋಗುವುದು ತಿರುವುಗಳಿಂದಲೇ. ಅಲೈನ್‌ಮೆಂಟ್ ಎಷ್ಟೇ ಸರಿಯಿದ್ದರೂ ಅದು ತಪ್ಪದು. ಕಾಲಕಾಲಕ್ಕೆ ಹಿಂದಿನ ಟೈರ್‌ಗಳನ್ನು ಮುಂದಕ್ಕೆ ಹಾಕಿಸುತ್ತಿರಬೇಕು, ಅಷ್ಟೆ.

ಅಲೈನ್‌ಮೆಂಟ್ ನಿಜಕ್ಕೂ ಬೇಕಾಗುವುದು ಟೋ ತಪ್ಪಿದಾಗ. ಮೇಲಿನಿಂದ ನೋಡಿದರೆ ಚಕ್ರಗಳ ಮುಂಭಾಗ ಎಷ್ಟು ಒಳಕ್ಕೆ, ಎಷ್ಟು ಹೊರಕ್ಕೆ ತಿರುಗಿದೆ ಎನ್ನುವುದೇ ಟೋ. ಜೋರಾಗಿ ಗುಂಡಿಗೆ ಬಿದ್ದ ಒಂದೇ ಏಟಿಗೆ ಅದು ಕೆಡಬಹುದು. ಚಕ್ರ ಅರ್ಧ ಡಿಗ್ರಿ ಓರೆಯಾಗಿದ್ದರೆ ಲೆಕ್ಕದ ಪ್ರಕಾರ ಪ್ರತಿ ಕಿಲೋಮೀಟರಿಗೆ ಸುಮಾರು 8.7 ಮೀಟರ್ ಅಡ್ಡಕ್ಕೆ ಎಳೆದಂತೆ, 10,000 ಕಿ.ಮೀ. ಓಡುವಷ್ಟರಲ್ಲಿ 87 ಕಿ.ಮೀ.! ರಬ್ಬರ್ ಎಷ್ಟು ಅಂತ ತಡೆದೀತು? ಇಂಥ ಟೈರಿನ ಮೇಲೆ ಅಂಗೈಯನ್ನು ಅಡ್ಡಕ್ಕೆ ಸವರಿದರೆ ಒಂದು ಕಡೆಗೆ ನಯ, ವಾಪಸ್ ಎಳೆದರೆ ಗರಗಸದ ಹಲ್ಲಿನಂತೆ ಚುಚ್ಚು. ಆಗ ಅಲೈನ್‌ಮೆಂಟಿಗೆ ಕೊಡುವ ಕೆಲವು ನೂರು ರೂಪಾಯಿ ಸಾವಿರಾರು ರೂಪಾಯಿಯ ಟೈರ್ ಉಳಿಸುತ್ತದೆ. ಅದರಲ್ಲಿ ನನಗೆ ಅನುಮಾನವೇ ಇಲ್ಲ.

ಆದರೆ ಅದಕ್ಕೂ ಮೊದಲು ಚಕ್ರ ಎತ್ತಿ ಅಲುಗಾಡಿಸಿ ನೋಡಬೇಕು. ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಲೋವರ್ ಆರ್ಮ್ ಬುಷ್ ಸಡಿಲವಾಗಿದ್ದರೆ ನಿಂತ ಕಾರಿನಲ್ಲಿ ಕೂರಿಸಿದ ಅಳತೆ ರಸ್ತೆಗಿಳಿದೊಡನೆ ಬದಲಾಗುತ್ತದೆ. ಕೊಟ್ಟ ದುಡ್ಡು ಹೋದಂತೆಯೇ. ಇನ್ನೊಂದು ಆಕ್ಷೇಪ ನನಗೆ ಇದಕ್ಕಿಂತ ಮುಖ್ಯ. ನಮ್ಮ ಬಹಳಷ್ಟು ಸಣ್ಣ ಕಾರುಗಳಲ್ಲಿ ಹೊಂದಿಸಲು ಬರುವುದು ಮುಂದಿನ ಟೋ ಒಂದೇ. ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದನ್ನು ತಿದ್ದಲು ಕಂಪನಿ ಪ್ರತ್ಯೇಕ ವ್ಯವಸ್ಥೆ ಕೊಟ್ಟಿರುವುದಿಲ್ಲ. ಒಂದೇ ಟೈರಿನ ಒಳ ಅಂಚು ನಯವಾಗಿ ಸವೆಯುತ್ತಿದ್ದರೆ ಲೋವರ್ ಆರ್ಮ್ ಅಥವಾ ಸ್ಟ್ರಟ್ ಬಾಗಿರುವ ಸಾಧ್ಯತೆ ಇದೆ. ಅಂಥ ಕಾರಿಗೆ ಟೋ ಮಾತ್ರ ತಿರುಗಿಸಿ ‘ಎಲ್ಲಾ ಸೆಟ್ ಮಾಡಿದ್ದೀವಿ ಸಾರ್’ ಎನ್ನುವುದು ಗ್ರಾಹಕರಿಗೆ ಮಾಡುವ ಅನ್ಯಾಯ. ಮೊದಲಿನ ಮತ್ತು ನಂತರದ ಅಳತೆಗಳ ಪ್ರಿಂಟ್ ಕೇಳಿ ಪಡೆಯಿರಿ. ಯಾವುದು ಬದಲಾಗಿದೆ, ಯಾವುದು ಹಾಗೇ ಉಳಿದಿದೆ ಎಂಬುದು ಅದರಲ್ಲಿ ಕಾಣುತ್ತದೆ.

ಒಳ ಅಂಚಿನ ಸವೆತ ನಿಂತ ಕಾರಿನಲ್ಲಿ ಸುಲಭವಾಗಿ ಕಣ್ಣಿಗೆ ಬೀಳದು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಬಗ್ಗಿ ನೋಡಬೇಕು. ಅಲ್ಲಿ ಗೀರುಗಳ ಆಳ 1.6 ಮಿ.ಮೀ.ಗೆ ಇಳಿದಿದ್ದರೆ ಟೈರ್ ಬದಲಿಸಿ, ಹೊಸ ಟೈರ್ ಹಾಕಿದ ದಿನವೇ ಅಲೈನ್‌ಮೆಂಟ್ ಮಾಡಿಸಿ.