ನಿಲ್ಲುವುದರ ಸೊಗಸು

ಆರಿಯಾ2 ಎಂದ ಕೂಡಲೇ ಬಲ್ಲವರು ವೇಗದ ಮಾತೆತ್ತುತ್ತಾರೆ. ಒಂದೇ ಫೈಲನ್ನು ಹಲವು ಸಂಪರ್ಕಗಳಲ್ಲಿ ತುಂಡುತುಂಡಾಗಿ ಎಳೆದು ತರುತ್ತದೆ ಎಂಬುದು ಅದರ ಖ್ಯಾತಿ. ಇರಲಿ. ನನಗೆ ಅದು ರುಚಿಸಿದ್ದು ಓಡುವ ಬಗೆಯಿಂದಲ್ಲ, ನಿಲ್ಲುವ ಬಗೆಯಿಂದ.

ಜಪಾನಿನ ತತ್ಸುಹಿರೊ ತ್ಸುಜಿಕಾವಾ ಸಿ++ನಲ್ಲಿ ಬರೆದ ಈ ಡೌನ್‌ಲೋಡ್ ಮ್ಯಾನೇಜರಿಗೆ ವಿಂಡೋ ಇಲ್ಲ, ಬಟನ್ ಇಲ್ಲ. ಟರ್ಮಿನಲ್ಲಿನಲ್ಲಿ ಕಮಾಂಡಿನ ಮುಂದೆ ಲಿಂಕ್ ಕೊಟ್ಟರೆ ಮುಗಿಯಿತು. ಎಚ್‌ಟಿಟಿಪಿ, ಎಫ್‌ಟಿಪಿ, ಬಿಟ್‌ಟೊರೆಂಟ್ ಎಲ್ಲಕ್ಕೂ ಅದೊಂದೇ. ಸಾಮಾನ್ಯ ಡೌನ್‌ಲೋಡಿಗೆ 4 ಎಂಬಿ, ಟೊರೆಂಟಿಗೆ 9 ಎಂಬಿ ಮೆಮೊರಿ ಸಾಕು ಎನ್ನುತ್ತದೆ ಅದರದೇ ದಾಖಲೆ. ಬ್ರೌಸರಿನ ಒಂದು ಟ್ಯಾಬ್ ತಿನ್ನುವುದನ್ನು ನೆನೆದರೆ ಇದು ಉಪವಾಸವೇ ಸರಿ.

ಆದರೆ ಟರ್ಮಿನಲ್ ಮುಚ್ಚಿದರೆ ಕೆಲಸವೂ ಮುಚ್ಚಿತು. ಹಾಗಾಗಿ ಇದನ್ನು ಹಿನ್ನೆಲೆಯ ಸರ್ವಿಸ್ ಮಾಡಿ, ಲಿನಕ್ಸಿನಲ್ಲಿ ಸರ್ವಿಸುಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಕೈಗೆ ಒಪ್ಪಿಸುವುದು ರೂಢಿ. ಅದಕ್ಕೆ ಬರೆದುಕೊಡುವ ಯೂನಿಟ್ ಫೈಲ್ ಎಂದರೆ ಹತ್ತು ಸಾಲಿನ ಪಠ್ಯ: ಯಾವುದಾದ ಮೇಲೆ ಶುರುವಾಗಬೇಕು, ಏನನ್ನು ಓಡಿಸಬೇಕು, ಬಿದ್ದರೆ ಎಬ್ಬಿಸಬೇಕೋ ಬೇಡವೋ. ತಾನೇ ಹಿನ್ನೆಲೆಗೆ ಸರಿಯುವ ಡೀಮನ್ ಆಯ್ಕೆಯೂ ಆರಿಯಾ2ಗೆ ಇದೆ. ಸಿಸ್ಟಮ್‌ಡಿ ಇರುವಾಗ ಅದರ ಗೊಡವೆ ಬೇಡ. ಬಳಕೆದಾರನ ಖಾತೆಯಲ್ಲಿ ಓಡಿಸುವುದಾದರೆ ಲಿಂಗರ್ ಎಂಬ ಸೌಲಭ್ಯವನ್ನು ಒಮ್ಮೆ ಚಾಲೂ ಮಾಡಬೇಕು. ಇಲ್ಲದಿದ್ದರೆ ನೀವು ಲಾಗೌಟ್ ಆದ ಹಿಂದೆಯೇ ಅದೂ ಹೊರಟುಹೋಗುತ್ತದೆ.

ಬೇರೆ ಪ್ರೋಗ್ರಾಂಗಳಿಂದ ಆಜ್ಞೆ ಪಡೆಯುವ ಆರ್‌ಪಿಸಿ ಸೌಲಭ್ಯ ಚಾಲೂ ಇದ್ದರೆ ಕೆಲಸವಿಲ್ಲದಾಗಲೂ ಆರಿಯಾ2 ಎದ್ದು ಹೋಗದೆ 6800ನೇ ಪೋರ್ಟಿನಲ್ಲಿ ಕಿವಿಗೊಟ್ಟು ಕೂತಿರುತ್ತದೆ. ಒಂದು ಲಿಂಕ್ ಕಳಿಸಿದರೆ 16 ಅಂಕಿ-ಅಕ್ಷರಗಳ ಟೋಕನ್ ಸಂಖ್ಯೆಯೊಂದನ್ನು ಕೈಗಿಟ್ಟು ಕೆಲಸಕ್ಕೆ ತೊಡಗುತ್ತದೆ. ತಾನಾಗಿ ಅದು ಅದೇ ಯಂತ್ರದ ಕರೆಗೆ ಮಾತ್ರ ಓಗೊಡುತ್ತದೆ. ಮನೆಯ ಫೋನಿಂದಲೂ ಕೆಲಸ ಹೇಳುವ ಆಸೆಗೆ ಬಾಗಿಲು ಅಗಲ ಮಾಡುವವರು ಗುಪ್ತಪದವನ್ನು ಇಡಲೇಬೇಕು.

ಇನ್ನು ನಿಲ್ಲುವ ಮಾತು. ಇಳಿಯುತ್ತಿರುವ ಪ್ರತಿ ಫೈಲಿನ ಪಕ್ಕದಲ್ಲೂ ಅದೇ ಹೆಸರಿಗೆ ಆರಿಯಾ2 ಎಂಬ ಬಾಲ ಅಂಟಿದ ಪುಟ್ಟ ಕಂಟ್ರೋಲ್ ಫೈಲ್ ಇರುತ್ತದೆ. ಯಾವ ತುಂಡು ಬಂದಿದೆ, ಯಾವುದು ಬಂದಿಲ್ಲ ಎಂಬುದು ಅದರಲ್ಲಿ ಬಿಟ್‌ಗಳ ಸಾಲಾಗಿ ಬರೆದಿರುತ್ತದೆ. ಅಷ್ಟೇ ಆಗಿದ್ದರೆ ಮೆಚ್ಚಿ ಮುಂದೆ ಹೋಗಬಹುದಿತ್ತು. ಅರ್ಧ ಬಂದ ತುಂಡುಗಳ ಲೆಕ್ಕವೂ ಅದರಲ್ಲಿದೆ, ತುಂಡಿನೊಳಗಿನ ಯಾವ ಚೂರು ಸೇರಿದೆ ಎನ್ನುವವರೆಗೆ. ಮಗ್ಗದಿಂದೆದ್ದ ನೇಕಾರ ಮರಳಿ ಬಂದು ಲಾಳಿಯನ್ನು ಬಿಟ್ಟ ಎಳೆಯಿಂದಲೇ ಹಿಡಿಯುವಂತೆ, ಮತ್ತೆ ಶುರುವಾದ ಆರಿಯಾ2 ಉಳಿದದ್ದನ್ನಷ್ಟೇ ಸರ್ವರಿನ ಬಳಿ ಕೇಳುತ್ತದೆ. ಸರ್ವರ್ ಭಾಗಭಾಗವಾಗಿ ಕೊಡಲು ಒಪ್ಪಬೇಕು, ಅದೊಂದು ಷರತ್ತು. ಈ ಕಂಟ್ರೋಲ್ ಫೈಲ್ 60 ಸೆಕೆಂಡಿಗೊಮ್ಮೆ ತಾನಾಗಿ ಹೊಸದಾಗುತ್ತದೆ. ಫೈಲ್ ಪೂರ್ತಿ ಬಂದೊಡನೆ ಅಳಿದೂ ಹೋಗುತ್ತದೆ.

ಇದು ಒಂದು ನೆನಪು. ಸರದಿಯಲ್ಲಿ ಯಾವ್ಯಾವ ಲಿಂಕುಗಳಿವೆ ಎಂಬುದು ಇನ್ನೊಂದು. ಅದಕ್ಕೆ ಬೇರೆಯದೇ ಸೆಷನ್ ಫೈಲ್. ಇದನ್ನು ತೆರೆದು ಕಣ್ಣಿಂದಲೇ ಓದಬಹುದು: ಒಂದು ಸಾಲಿನಲ್ಲಿ ಲಿಂಕ್, ಕೆಳಗೆ ಒಂದು ಸ್ಥಳ ಒಳಸರಿದು ಅದರ ಆಯ್ಕೆಗಳು. ನಿಲ್ಲುವಾಗ ಬರೆಯುವುದೂ ಹೊರಡುವಾಗ ಓದುವುದೂ ಒಂದೇ ಫೈಲ್ ಆಗುವಂತೆ ಹೊಂದಿಸಿದರೆ ಚಕ್ರ ಪೂರ್ಣ. ಮೊದಲ ಸಲ ಖಾಲಿ ಫೈಲೊಂದನ್ನು ನಾವೇ ಸೃಷ್ಟಿಸಿ ಇಡಬೇಕು, ಇಲ್ಲವಾದರೆ ಹೊರಡಲು ಖಡಾಖಂಡಿತ ಒಪ್ಪದು. ಈ ಹಟವೂ ನನಗೆ ಇಷ್ಟವೇ. ಇಷ್ಟವಾಗದ್ದು ಒಂದಿದೆ: ಸೆಷನ್ ಫೈಲನ್ನು ನಡುನಡುವೆ ಉಳಿಸುವ ಅವಧಿ ಮೂಲದಲ್ಲಿ ಸೊನ್ನೆ, ಅಂದರೆ ಮರ್ಯಾದೆಯಿಂದ ನಿಂತಾಗ ಮಾತ್ರ ಬರೆಯುತ್ತದೆ. ಮಳೆಗಾಲದಲ್ಲಿ ಕರೆಂಟು ಯಾವ ಮರ್ಯಾದೆ ನೋಡಿ ಹೋಗುತ್ತದೆ? ನಮ್ಮ ಊರುಗಳಲ್ಲಿ ಅದನ್ನೂ 60ಕ್ಕೆ ಇಟ್ಟುಕೊಳ್ಳುವುದು ಲೇಸು.

ಸಿಸ್ಟಮ್‌ಡಿ ನಿಲ್ಲು ಎಂದರೆ ಅದು ಕೊಲೆಯಲ್ಲ, ಕೋರಿಕೆ. ಆ ಸಂಕೇತ ಮುಟ್ಟಿದ ಮೇಲೆ ಆರಿಯಾ2 ಎರಡೂ ನೆನಪುಗಳನ್ನು ಬರೆದಿಟ್ಟು ಹೊರಡುತ್ತದೆ. ಇದಕ್ಕೆಲ್ಲ ಸಾಮಾನ್ಯವಾಗಿ 90 ಸೆಕೆಂಡುಗಳ ಗಡುವು. ಮೀರಿದರಷ್ಟೇ ಕತ್ತು ಹಿಡಿದು ದಬ್ಬುವುದು.

ಮತ್ತೆ ವೇಗದ ಮಾತಿಗೆ ಬಂದರೆ, ಒಂದು ಸರ್ವರಿಗೆ ಎಷ್ಟು ಸಂಪರ್ಕ ಎಂಬುದಕ್ಕೆ ಮೂಲ ಮೌಲ್ಯ 1, ಗರಿಷ್ಠ 16. ಸೋರ್ಸ್ ಕೋಡ್ ತಿದ್ದಿ ಅದನ್ನೂ ಮೀರುವವರಿದ್ದಾರೆ. ಡೆಬಿಯನ್‌ನಂಥ ಲಿನಕ್ಸ್ ಬಳಗಗಳ ಎಷ್ಟೋ ಮಿರರ್ ಸರ್ವರುಗಳನ್ನು ವಿಶ್ವವಿದ್ಯಾಲಯಗಳು ಬಿಟ್ಟಿಯಾಗಿ ನಡೆಸುತ್ತವೆ. ಅಲ್ಲಿ ಹೋಗಿ ಹದಿನಾರು ಕೈ ಚಾಚುವುದು ನನಗೆ ಒರಟಾಗಿ ಕಾಣುತ್ತದೆ. ಪರದೆಯ ಮುಂದೆ ಕಾಯುತ್ತ ಕೂತವನಿಗಾದರೂ ಅವಸರವಿದ್ದೀತು. ರಾತ್ರಿಯಿಡೀ ತಾನೇ ದುಡಿಯುವ ಸರ್ವಿಸಿಗೆ ಅವಸರವೇಕೆ? ನನ್ನದನ್ನು ನಾನು ಎರಡಕ್ಕೆ ಇಟ್ಟಿದ್ದೇನೆ.